ಎಡಗಡೆಯ ಖಾಲಿ ಸಾಲು

ಫೂ, ಫೂ, ಆಮೇಲೆ ಟಕ್. ನನ್ನ ತಂಗಿ ವಿಡಿಯೋ ಗೇಮಿನ ಕ್ಯಾಸೆಟ್ಟಿನ ಬಾಯಿಗೆ ಊದಿ, ಅದನ್ನು ಡಬ್ಬಿಯೊಳಗೆ ಒತ್ತುತ್ತಿದ್ದ ಸದ್ದು ಅದು. ಒಲೆ ಊದಿದ ಹಾಗೆ ಊದುತ್ತಿದ್ದಳು. ಊದಿದರೆ ಧೂಳು ಹೋಗುತ್ತದೋ, ಉಗುಳು ಸಿಡಿದು ಇನ್ನಷ್ಟು ಕೆಡುತ್ತದೋ ಯಾರಿಗೂ ಗೊತ್ತಿರಲಿಲ್ಲ. ಊದದೆ ಮಾತ್ರ ಯಾರೂ ಆಡುತ್ತಿರಲಿಲ್ಲ. ಟಕ್ ಆದ ಮೇಲೆ ಒಂದು ಗಳಿಗೆ ಟೀವಿ ಬೂದು ಬಣ್ಣಕ್ಕೆ ತಿರುಗಿ ಸುಮ್ಮನಿರುತ್ತಿತ್ತು. ಆ ಗಳಿಗೆಯಲ್ಲಿ ನನಗೆ ಯಾವಾಗಲೂ ಏನೋ ಒಂದು ಅಳುಕು. ಕಾನ್ವೆಂಟಿನಲ್ಲಿ ರಿಪೋರ್ಟ್ ಕಾರ್ಡ್ ಕೈಗೆ ಕೊಡುವ ಮುಂಚೆ ಸಿಸ್ಟರ್ ಮಾತಾಡದೆ ಕನ್ನಡಕ ಒರೆಸಿಕೊಳ್ಳುತ್ತಿದ್ದರಲ್ಲ, ಆಗ ಆಗುತ್ತಿದ್ದಂಥದ್ದು. ಆಮೇಲೆ ಟ್ಯೂನ್ ಶುರುವಾಗುತ್ತಿತ್ತು, ಅಳುಕು ಹೋಗುತ್ತಿತ್ತು.

ತಂಗಿಯ ಮನೆ ಹರಿಹರದಲ್ಲಿ. ಅವಳ ಯಜಮಾನರು ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಅವಳ ಮಕ್ಕಳಿಗೆಂದು ತಂದ ಗೇಮನ್ನು, ಮಕ್ಕಳು ಶಾಲೆಗೆ, ಯಜಮಾನರು ಶಿಫ್ಟಿಗೆ ಹೋದ ಮಧ್ಯಾಹ್ನಗಳಲ್ಲಿ ನಾವಿಬ್ಬರು ಚಾಪೆ ಹಾಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಆಡುತ್ತಿದ್ದೆವು. ಗುಂಡಿಗಳಿರುವ ಹಿಡಿಗೆ ನಾವು ರಿಮೋಟ್ ಎನ್ನುತ್ತಿದ್ದೆವು. ಮಂಡಕ್ಕಿ ಮೆಣಸಿನಕಾಯಿ ತಿಂದ ಎಣ್ಣೆಗೈಯಲ್ಲಿ ರಿಮೋಟ್ ಮುಟ್ಟುವಂತಿಲ್ಲ. ಅದು ಅವಳ ರೂಲ್. ಸೋತವರು ಚಾ ಮಾಡಬೇಕು. ಅದೂ ಅವಳದೇ ರೂಲ್. ಹೀಗಾಗಿ ಆ ಮನೆಯಲ್ಲಿ ಚಾಪುಡಿ, ಸಕ್ಕರೆ ಎಲ್ಲಿವೆಯೆಂಬುದು ಅವಳಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಆ ಕ್ಯಾಸೆಟ್ಟಿನಲ್ಲಿ ಬೇಕಾದಷ್ಟು ಆಟಗಳಿದ್ದವು. ನಾವು ಆಡುತ್ತಿದ್ದದ್ದು ಒಂದೇ. ಮೇಲಿನಿಂದ ಬೇರೆ ಬೇರೆ ಆಕಾರದ ಇಟ್ಟಿಗೆಗಳು ಬೀಳುತ್ತವೆ. ಗುಂಡಿ ಒತ್ತಿ ಎಡಕ್ಕೋ ಬಲಕ್ಕೋ ಸರಿಸಿ, ತಿರುಗಿಸಿ, ಸಂದಿಲ್ಲದಂತೆ ಜೋಡಿಸಬೇಕು. ಒಂದು ಅಡ್ಡಸಾಲು ತುಂಬಿದರೆ ಮಾಯವಾಗುತ್ತದೆ. ತುಂಬದೆ ಗೋಡೆ ಮೇಲಕ್ಕೆ ಮುಟ್ಟಿತೋ, ಆಟ ಮುಗಿಯಿತು. ತಂಗಿಯ ಸ್ಟೈಲೇ ಬೇರೆ. ಅವಳು ಎಡಗಡೆಯ ಕಟ್ಟಕಡೆಯ ಒಂದೇ ಒಂದು ಸಾಲನ್ನು ಮೇಲಿಂದ ಕೆಳಗಿನ ತನಕ ಖಾಲಿ ಬಿಟ್ಟು, ಉಳಿದದ್ದನ್ನೆಲ್ಲ ಗಚ್ಚಾಗಿ ತುಂಬಿಸಿ, ಉದ್ದ ಕೋಲಿನಂಥ ಇಟ್ಟಿಗೆಗೆ ಕಾಯುತ್ತಿದ್ದಳು. ಗೋಡೆ ಮೇಲೇರುತ್ತ ಬರುತ್ತಿತ್ತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಏ, ಮುಚ್ಚೇ ಅದನ್ನ! ಸಾಯ್ತೀಯ ನೋಡು!”

“ಅವಸ್ರ ಮಾಡ್ಬ್ಯಾಡ ತಡಿ ಅಕ್ಕ. ಬರ್ತೈತೆ. ಎಲ್ಲಿಗೋಗ್ತೈತೆ?”

ಕೋಲು ಬರುತ್ತಿತ್ತು. ಎಡಗಡೆಯ ಗುಂಡಿಯನ್ನು ಟಕಟಕ ಒತ್ತಿ ಅದನ್ನು ಆ ಸಂದಿಗೆ ಇಳಿಸುತ್ತಿದ್ದಳು. ನಾಲ್ಕು ಅಡ್ಡಸಾಲು ಒಟ್ಟಿಗೇ ಮಾಯ. ಆಮೇಲೆ ನನ್ನ ಕಡೆ ತಿರುಗಿ, “ಕಾನ್ವೆಂಟ್‌ನಾಗೆ ಇದನ್ನ ಕಲಿಸ್ಲಿಲ್ಲೇನು ನಿಂಗೆ? ಹೋಗು, ಚಾ ಇಡು. ಸಕ್ರೆ ಮುಂದಾಗಿರ್ಲಿ.” ಅವಳು ಹಟ ಹಿಡಿದು ಗೆಳತಿಯರ ಜೊತೆ ಕನ್ನಡ ಶಾಲೆಗೆ ಹೋದವಳು. ನನ್ನ ಇಂಗ್ಲಿಷ್ ಅವಳಿಗೆ ಮುದುಕಿಯಾಗುವ ತನಕವೂ ಜೋಕೇ.

ಇಷ್ಟೆಲ್ಲ ಈಗ ನೆನಪಾಗಲು ಕಾರಣ ನನ್ನ ಮೊಮ್ಮಗಳು. ನಮ್ಮೂರಲ್ಲೇ ವಿದ್ಯಾನಗರದ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಾಳೆ, ಶನಿವಾರ ನಮ್ಮ ಮನೆಗೆ ಬರುತ್ತಾಳೆ. ಒಂದು ಶನಿವಾರ ಬಂದವಳು, ಕಾಲೇಜಿನಲ್ಲಿ ತಾನೊಂದು ಸೆಮಿನಾರ್ ಕೊಡಬೇಕೆಂದಳು. ಟಾಪಿಕ್: ಹಳೆಯ ವಿಡಿಯೋ ಗೇಮ್‌ಗಳು ಇವತ್ತಿಗೂ ಆಡುವಂತಿವೆಯೋ, ಇಲ್ಲ ನಾವು ಸುಮ್ಮನೆ ನಾಸ್ಟಾಲ್ಜಿಯಾದಿಂದ ಹೊಗಳುತ್ತೇವೋ.

“ಸಣ್ಣಜ್ಜಿ ಮನೇಲಿ ಅದು ಇನ್ನೂ ಐತಲ್ಲ ಅಜ್ಜಿ? ಒರಿಜಿನಲ್ ಪೀಸು! ನಾಳೆ ಹೋಗಾಣ.”

ಭಾನುವಾರ ಹೋದೆವು. ಬಸ್ಸು ತುಂಗಭದ್ರೆಯ ಸೇತುವೆ ಮುಟ್ಟುವ ಮೊದಲೇ ಇಳಿದು, ಅಲ್ಲಿಂದ ಆಟೋ. ತಂಗಿ ಬಾಗಿಲಲ್ಲಿ ನಿಂತಿದ್ದಳು. ಆಗಷ್ಟೇ ಪೂಜೆ ಮುಗಿಸಿದ್ದಳು, ಹಣೆಗೆ ವಿಭೂತಿ ಇತ್ತು. ಮೂರು ಗೆರೆಗಳು ಅವಳ ಬಲಗಡೆಯಿಂದ ಹೊರಟು ಹಣೆಯ ನಡುವಿಗೆ ಬಂದು ನಿಂತುಬಿಟ್ಟಿದ್ದವು. ಬೆವರಿಗೆ ಅಳಿಸಿರಬೇಕು ಎಂದುಕೊಂಡೆ. ಉಪ್ಪಿಟ್ಟು ಕೊಟ್ಟಳು, ತಾನೂ ತಿಂದಳು. ತಟ್ಟೆಯ ಬಲಗಡೆ ಬಳಿದಿಟ್ಟಂತೆ ಖಾಲಿ, ಎಡಗಡೆ ಅರ್ಧ ಹಾಗೇ ಉಳಿದಿತ್ತು. “ಯಾಕೆ, ಡಯಟ್ಟಾ?” ಎಂದೆ. “ತಿಂದ್ನಲ್ಲಕ್ಕ” ಎಂದಳು. ತಟ್ಟೆಯನ್ನು ಒಮ್ಮೆ ನೋಡಿಯೂ ನೋಡಿದಳು.

ಅವಳ ಯಜಮಾನರು ಅಟ್ಟದ ಮೇಲಿಂದ ಡಬ್ಬಿ ಇಳಿಸಿ ಒರೆಸಿ ಕೊಟ್ಟರು. ಮೊಮ್ಮಗಳು ವೈರುಗಳನ್ನು ಸಿಕ್ಕಿಸಿದಳು. ತಂಗಿಯೇ ಊದಿದಳು. ಫೂ, ಫೂ, ಟಕ್. ಬೂದು ತೆರೆ. ಟ್ಯೂನ್ ಬಂತು, ಅದೇ ಸ್ಪೀಡು, ಅದೇ ಕೀರಲು. ಆದರೂ ಅವತ್ತು ನನ್ನ ಅಳುಕು ಹೋಗಲಿಲ್ಲ. ಯಾಕೆಂದು ಆಗ ಗೊತ್ತಾಗಲಿಲ್ಲ.

ಮೊಮ್ಮಗಳು ಒಂದೊಂದನ್ನೇ ಆಡಿ ನೋಡಿದಳು. ಟ್ಯಾಂಕ್ ಗುಂಡು ಹಾರಿಸುವುದು ಬೋರ್. ಬೈಕ್ ರೇಸಿನಲ್ಲಿ ರಸ್ತೆ ಎಷ್ಟು ಹೊತ್ತು ಹೋದರೂ ಒಂದೇ ಮರ, ಒಂದೇ ಗುಡ್ಡ. ಕೋಟೆ ದಾಟುವ ಆಟದಲ್ಲಿ ಸತ್ತರೆ ಮತ್ತೆ ಮೊದಲಿಂದ. “ಸೇವ್ ಇಲ್ಲ ಏನಿಲ್ಲ. ಇದನ್ನ ಹೆಂಗ್ ಆಡ್ತಿದ್ರು ಜನ?” ಎಂದಳು. ಇಟ್ಟಿಗೆಯ ಆಟಕ್ಕೆ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡು ಆಡಿದಳು. ಮೇಲೇಳಲೇ ಇಲ್ಲ. ಕೊನೆಗೆ ಸೋತು, “ಇದು ಮಾತ್ರ ಸುಳ್ಳಲ್ಲ ಅಜ್ಜಿ. ನಿನ್ನೆ ಮಾಡಿದಂಗೈತೆ” ಎಂದಳು.

“ಚಾಂಪಿಯನ್‌ಗೆ ಕೊಡು ಈಗ” ಎಂದೆ ನಾನು.

ತಂಗಿ ರಿಮೋಟ್ ಹಿಡಿದಳು. ಇಟ್ಟಿಗೆಗಳು ಬಿದ್ದವು. ಎಡಗಡೆಯ ಸಾಲು ಖಾಲಿ ಬಿಟ್ಟಳು. ನಾನು ಮೊಮ್ಮಗಳಿಗೆ ಮೊಣಕೈಯಿಂದ ತಿವಿದು, “ವಾಚ್ ದಿಸ್” ಎಂದೆ. ಖಾಲಿ ಸಾಲು ಎರಡಾಯಿತು. ಮೂರಾಯಿತು. ಗೋಡೆ ಬಲಗಡೆಗೆ ಮಾತ್ರ ಏರತೊಡಗಿತು, ಅರ್ಧ ಕಟ್ಟಿ ಬಿಟ್ಟ ಮನೆಯ ಹಾಗೆ. ಉದ್ದ ಕೋಲು ಬಂತು. ಅದನ್ನೂ ಬಲಗಡೆಗೇ ಸರಿಸಿ, ಗೋಡೆಯ ನೆತ್ತಿಯ ಮೇಲೆ ನಿಲ್ಲಿಸಿದಳು. ಆಟ ಮುಗಿಯಿತು. ಎಡಗಡೆ ಅರ್ಧ ತೆರೆ ಕಪ್ಪಗೆ ಖಾಲಿ ಇತ್ತು.

“ತುಂಬಿಬಿಡ್ತು” ಎಂದಳು ತಂಗಿ. “ಜಾಗನೇ ಇಲ್ಲ.”

ಮೊಮ್ಮಗಳು ತೆರೆಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಅವಳ ಯಜಮಾನರೇ, “ರಿಮೋಟ್‌ನ ಎಡಗಡೆ ಗುಂಡಿ ಹೋಗಿರ್ಬೇಕು. ಎಷ್ಟು ವರ್ಷದ್ದು! ತಿಪ್ಪಿಗೆ ಎಸೀರಿ ಅತ್ಲಾಗೆ” ಎಂದರು. ನಮಗೆಲ್ಲ ಹೌದೆನಿಸಿತು. ಹಳೆಯ ಸಾಮಾನು, ಕೆಟ್ಟಿರುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ಅದೇ ರಿಮೋಟಿನಲ್ಲಿ ಮೊಮ್ಮಗಳು ಚೆನ್ನಾಗಿಯೇ ಆಡಿದ್ದಳೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ತಂಗಿ ನಗುತ್ತ ಎದ್ದಳು. “ಅಂತೂ ಚಾ ನನ್ ಪಾಲಿಗ್ ಬಂತು ನೋಡು.” ಒಳಗೆ ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅವಳು ತಿರುಗಿ ನೋಡಲಿಲ್ಲ.

ರಿಪೇರಿ ಮಾಡಿಸೋಣವೆಂದು ಇಡೀ ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಂದೆವು. ಸಂಜೆ ಹಾಸ್ಟೆಲಿಗೆ ಹೊರಡುವ ಮುಂಚೆ ಮೊಮ್ಮಗಳು ಅದನ್ನು ನಮ್ಮ ಟೀವಿಗೆ ಹಾಕಿದಳು. “ಯಾವ ಗುಂಡಿ ಅಂತ ನೋಡಿಬಿಡಾಣ ಅಜ್ಜಿ.” ನಾನು ರಿಮೋಟ್ ಹಿಡಿದು ಎಡಗಡೆಯ ಗುಂಡಿ ಒತ್ತಿದೆ. ಇಟ್ಟಿಗೆ ಎಡಕ್ಕೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ಹೋಯಿತು. ಕಡೆಯ ತನಕ ಹೋಗಿ ತೆರೆಯ ಅಂಚಿಗೆ ತಾಗಿ ನಿಂತಿತು, ಅಷ್ಟು ವಿಧೇಯವಾಗಿ. ಒತ್ತುತ್ತಲೇ ಇದ್ದೆ. ಕೆಟ್ಟಿರಲಿ ದೇವರೇ, ಒಂದು ಸಲವಾದರೂ ತಪ್ಪಲಿ ಎಂದುಕೊಂಡು ಒತ್ತಿದೆ.

ವಿಭೂತಿ ನೆನಪಾಯಿತು. ತಟ್ಟೆ ನೆನಪಾಯಿತು. ಬಾಗಿಲು.

“ಅಜ್ಜಿ, ಏನೂ ಆಗಿಲ್ಲ ಇದಕ್ಕೆ” ಎಂದಳು ಮೊಮ್ಮಗಳು. ಎದ್ದು ಟೀವಿ ಆರಿಸಿದಳು. ಅವಳಿಗೂ ಅರ್ಥವಾಗಿತ್ತು.

ಮಾರನೆಯ ಬೆಳಿಗ್ಗೆ ಹೇಳದೆ ಕೇಳದೆ ಹರಿಹರಕ್ಕೆ ಹೋದೆ. ಯಜಮಾನರು ಹಾಲು ತರಲು ಹೋಗಿದ್ದರು. ತಂಗಿ ಪೂಜೆಗೆ ಕೂತಿದ್ದಳು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತೇವೆ. ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಬೆರಳು ಬಿಡಿಸಿ ಕಲಿಸಿದ್ದು. ತಂಗಿಯ ಎಡಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. ಲಿಂಗವನ್ನು ಮಣೆಯ ಮೇಲೆ ಬಟ್ಟೆ ಹಾಸಿ ಇಟ್ಟು, ಬಲಗೈಯಲ್ಲಿ ಪತ್ರೆ ಏರಿಸುತ್ತಿದ್ದಳು.

ಅವಳು ನನ್ನನ್ನು ನೋಡಿ ಬೆಚ್ಚಿದಳು. ಆಮೇಲೆ ಅಳತೊಡಗಿದಳು.

“ಯಾರಿಗೂ ಹೇಳ್ಬ್ಯಾಡಕ್ಕ. ನಿನ್ ಕಾಲಿಗ್ ಬೀಳ್ತೀನಿ.”

“ಏನಾಯ್ತು ಹೇಳು.”

“ಕೈಯಿಂದ ಜಾರಿ ಬಿತ್ತು. ಒಂದ್ಸಲ ಅಲ್ಲ. ಹಿಡಕಂಡಿರ್ತೀನಿ, ಹಿಡಕಂಡಿದೀನಿ ಅಂತ್ಲೇ ಅನ್ಕಂಡಿರ್ತೀನಿ, ನೋಡಿದ್ರೆ ನೆಲದ ಮ್ಯಾಲೆ. ಲಿಂಗ ನೆಲಕ್ ಬಿದ್ರೆ ಏನಂತ ನಿಂಗೊತ್ತಿಲ್ವಾ? ಮನೆ ಯಜಮಾನ್ರಿಗೆ ಕೇಡು. ಇವ್ರಿಗೆ ಬೇರೆ ಹೋದ್ವರ್ಷ ಎದೆ ನೋವು ಬಂದಿತ್ತು. ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಮಠದ ಅಯ್ಯನೋರಿಗೂ ಹೇಳ್ಲಿಲ್ಲ. ಸೋಮವಾರ ಉಪವಾಸ ಹಿಡಿದೀನಿ. ಇವ್ರಿಗೇನೂ ಆಗ್ಬಾರ್ದು ಅಷ್ಟೆ.”

ಕೇಡು ಯಾರಿಗೆ ಬಂದಿದೆಯೆಂದು ನನಗೆ ಕಾಣುತ್ತಿತ್ತು. ಅವಳಿಗೆ ಕಾಣುತ್ತಿರಲಿಲ್ಲ. ಗಂಡನ ಆಯಸ್ಸಿಗೆಂದು ಅವಳು ಎಷ್ಟೋ ತಿಂಗಳಿಂದ ಉಪವಾಸ ಮಾಡುತ್ತ, ಬಾಯಿ ಮುಚ್ಚಿಕೊಂಡು, ತನ್ನದನ್ನು ಕಳೆದುಕೊಳ್ಳುತ್ತಿದ್ದಳು. ನನಗೆ ಬೈಯಬೇಕೆನಿಸಿತು. ಆದರೆ ನಾನೂ ಅದೇ ಅವ್ವನ ಮಗಳು. ನನ್ನ ಕೈಯಿಂದ ಬಿದ್ದಿದ್ದರೆ ನಾನು ಯಾರಿಗೆ ಹೇಳುತ್ತಿದ್ದೆ?

ಅವಳ ಎಡಗೈಯನ್ನು ನನ್ನ ಕೈಗೆ ತೆಗೆದುಕೊಂಡೆ. “ಇದು ಯಾರ ಕೈಯೇ?” ಎಂದೆ.

ಅವಳು ಬಲಗೈಯಲ್ಲಿ ಕಣ್ಣೊರೆಸಿಕೊಂಡಳು. “ನಿಂದಲ್ವಾ?” ಎಂದಳು.

ಅವತ್ತೇ ದಾವಣಗೆರೆಯ ಆಸ್ಪತ್ರೆಗೆ ಕರೆತಂದೆವು. ಸ್ಕ್ಯಾನ್ ಆಯಿತು. ಮೆದುಳಿನ ಬಲಭಾಗದಲ್ಲಿ, ಎಡಗಡೆಯನ್ನು ನೋಡಿಕೊಳ್ಳುವ ಕಡೆ, ಗಡ್ಡೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, “ಕಣ್ಣಿಗೇನೂ ಆಗಿಲ್ಲ ಇವ್ರಿಗೆ. ಎಡಗಡೆ ಅಂತ ಒಂದು ಕಡೆ ಇದೆ ಅನ್ನೋದೇ ಮರೆತುಹೋಗ್ತಿದೆ. ಅದು ಮರೆತಿದೆ ಅನ್ನೋದೂ ಗೊತ್ತಾಗಲ್ಲ” ಎಂದರು. ನಿಮಗೆ ಹೇಗೆ ಗೊತ್ತಾಯಿತೆಂದು ಕೇಳಿದರು. ವಿಡಿಯೋ ಗೇಮ್, ಎಂದೆ. ಅವರು ನಗಲಿಲ್ಲ. ಬೇಗ ಆಪರೇಷನ್ ಮಾಡಬೇಕು, ಗಡ್ಡೆ ದೊಡ್ಡದಿದೆ, ಏನೂ ಪ್ರಾಮಿಸ್ ಮಾಡಲಾರೆ ಎಂದರು.

ಮೊಮ್ಮಗಳು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಸೆಮಿನಾರು ಬೇಡವೆಂದು ಹೇಳಿಬಿಡುತ್ತೇನೆಂದಳು. ಕೊಡು, ಎಂದೆ. ಆ ಆಟಗಳಲ್ಲಿ ಮುಕ್ಕಾಲು ಪಾಲು ಹಳಸಿದವು, ಅದನ್ನು ಹೇಳು. ಒಂದು ಮಾತ್ರ ಹಳಸಿಲ್ಲ, ಅದನ್ನೂ ಹೇಳು. ಅದರ ಇಟ್ಟಿಗೆ ಅಂದು ಬೀಳುತ್ತಿದ್ದ ಹಾಗೇ ಇಂದೂ ಬೀಳುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ, ಎಂದೆ. ನನಗಂತೂ ಈಗ ಅದನ್ನು ಕಂಡರೆ ಭಯ. ನಮ್ಮ ಜೊತೆ ಹಳತಾಗುವ ಸಾಮಾನುಗಳು ಎಷ್ಟೋ ವಾಸಿ. ಮೊಂಡಾದ ಈಳಿಗೆಮಣೆ, ಕಿರುಗುಟ್ಟುವ ತೊಟ್ಟಿಲು. ಅವು ನಮ್ಮನ್ನು ತೋರಿಸಿಕೊಡುವುದಿಲ್ಲ. ಈ ಭಯವನ್ನು ಮಾತ್ರ ಮೊಮ್ಮಗಳಿಗೆ ಹೇಳಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ತಂಗಿ ಗೆಲುವಾಗಿದ್ದಳು. ತಲೆ ಬೋಳಿಸಿದ್ದರು. “ಅಯ್ಯನೋರ ಮರಿ ಆದೆ ನೋಡಕ್ಕ” ಎಂದು ನಕ್ಕಳು. ಕೊರಳ ಕರಡಿಗೆಯನ್ನು ಬಿಚ್ಚಲೇಬೇಕೆಂದು ನರ್ಸ್ ಹೇಳಿದಾಗ, ಲಿಂಗವಿದ್ದ ಆ ಬೆಳ್ಳಿಯ ಡಬ್ಬಿಯನ್ನು ಯಜಮಾನರ ಎರಡೂ ಕೈಗೆ ಇಟ್ಟು, “ಕೆಳಗಿಡ್ಬ್ಯಾಡ್ರಿ, ನಾ ಬರೋ ತನಕ” ಎಂದಳು. ವಿಭೂತಿ ಹಚ್ಚಲು ನರ್ಸ್ ಒಪ್ಪಿದರು. ನಾನು ಹಚ್ಚಿದೆ, ಮೂರು ಬೆರಳಿನಿಂದ, ಈ ಕಿವಿಯಿಂದ ಆ ಕಿವಿಯ ತನಕ. ಬಲಗಡೆ ಹಚ್ಚುವಾಗ ಕಣ್ಣು ಮುಚ್ಚಿದಳು. ಎಡಗಡೆ ಬಂದಾಗ ತೆರೆದುಬಿಟ್ಟಳು, ಮುಗಿಯಿತೆಂದುಕೊಂಡು.

ಸ್ಟ್ರೆಚರ್ ಕಾರಿಡಾರಿಗೆ ಬಂತು. ಬಲಗಡೆ ಗೋಡೆ, ಹಾಗಾಗಿ ನಾನು ಎಡಗಡೆ ನಡೆದೆ, ಅವಳ ಎಡಗೈ ಹಿಡಿದುಕೊಂಡು. ಯಜಮಾನರು ಕಾಲ ಬಳಿ ಬರುತ್ತಿದ್ದರು. ಲಿಫ್ಟಿನ ಮುಂದೆ ನಿಲ್ಲಿಸಿದಾಗ ಅವಳು ಅವರನ್ನು ಕೇಳಿದಳು, “ಅಕ್ಕ ಬರ್ಲಿಲ್ಲೇನ್ರಿ?”

“ಇಲ್ಲೇ ಇದೀನಲ್ಲೇ” ಎಂದೆ, ಅವಳ ಕೈ ಒತ್ತಿ.

“ದನಿ ಕೇಳ್ತೈತೆ” ಎಂದಳು. ನನ್ನನ್ನು ಹುಡುಕಿಕೊಂಡು ಮುಖವನ್ನು ಬಲಕ್ಕೆ, ಗೋಡೆಯ ಕಡೆ ತಿರುಗಿಸಿದಳು. ಇನ್ನೂ ಬಲಕ್ಕೆ ತಿರುಗಿಸಿದಳು. ನಾನು ಕೈ ಬಿಟ್ಟು, ಕಾಲ ಕಡೆಯಿಂದ ಸುತ್ತಿ ಆಚೆ ಹೋಗೋಣವೆಂದು ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಸ್ಟ್ರೆಚರನ್ನು ಒಳಗೆ ತಳ್ಳಿದರು. ಬಾಗಿಲು ಕೂಡಿಕೊಳ್ಳುವಾಗ ನನಗೆ ಕಂಡದ್ದು ಅವಳ ಕೆನ್ನೆ, ಕಿವಿ, ಮತ್ತು ಹಣೆಯ ಎಡಗಡೆ ನಾನು ಎಳೆದಿದ್ದ ಮೂರು ಬಿಳಿ ಗೆರೆ.