ಮಂಗಲವಾಗದ ಕಾದಂಬರಿ

ನಮ್ಮ ಮಸ್ಕಿ ಮನೆಯಲ್ಲಿ ಯಾವ ಪುಸ್ತಕವನ್ನೂ ಸುಮ್ಮನೆ ಓದಿ ಮುಗಿಸುವಂತಿಲ್ಲ. ಕೊನೆಯ ಪುಟ ಆದ ಕೂಡಲೇ ಅತ್ತೆ ಎದ್ದು ಊದಿನಕಡ್ಡಿ ಹಚ್ಚುತ್ತಾಳೆ, ಕಾಯಿ ಒಡೆಯುತ್ತಾಳೆ, ಎಲ್ಲರ ಕೈಗೂ ಸಕ್ಕರೆ ಹಾಕುತ್ತಾಳೆ. ಅತ್ತೆ ಅಂದರೆ ಅಪ್ಪನ ಅಕ್ಕ. ನಾನು ಹುಟ್ಟುವ ಮೊದಲೇ ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲೇ ಉಳಿದವಳು. ಓದು ಬರಹ ಬಾರದು. ಆದರೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಒಂದು ಸಂಜೆಯೂ ತಪ್ಪಿಸುವುದಿಲ್ಲ. ಹಚ್ಚಿದ ಪುರಾಣಕ್ಕೆ ಮಂಗಲ ಆಗಲೇಬೇಕು, ಅರ್ಧಕ್ಕೆ ಬಿಟ್ಟರೆ ಓದಿದವರಿಗೂ ಕೇಳಿದವರಿಗೂ ಒಳ್ಳೆಯದಲ್ಲ ಎಂಬುದು ಆಕೆ ಅಲ್ಲಿಂದ ತಂದ ಕಾನೂನು. ಅದು ಪತ್ತೇದಾರಿ ಕಾದಂಬರಿಗೂ ಲಾಗೂ ಆಗುತ್ತದೆ ಎಂದು ತೀರ್ಮಾನಿಸಿದ್ದೂ ಆಕೆಯೇ.

ನನ್ನ ನೌಕರಿ ಸಿಂಧನೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಾರಕ್ಕೊಮ್ಮೆ ಅಲ್ಲಿಯ ಲೈಬ್ರರಿಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ತರುತ್ತೇನೆ. ಸಂಜೆಯ ಚಹಾ ಆದ ಮೇಲೆ ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಅದಕ್ಕೂ ಮೊದಲು ವಿಚಾರಣೆ ನಡೆಯುತ್ತದೆ.

"ಬರದಾಂವ ಯಾರು? ಯಾ ಊರಾಂವ? ಮುಖ ತೋರ್ಸು."

ಪುರಾಣದ ಕವಿಯಾದರೆ ಮೊದಲು ಗುರುವನ್ನು ನೆನೆದು, ತನ್ನ ಊರು ಮನೆತನ ಹೇಳಿಕೊಂಡು ಆಮೇಲೆ ಕಥೆಗೆ ಬರುತ್ತಾನಂತೆ; ಈಗಿನವರಿಗೆ ಆ ಮರ್ಯಾದೆ ಇಲ್ಲವಂತೆ. ನಾನು ಹಿಂದಿನ ರಟ್ಟಿನ ಫೋಟೊ ತೋರಿಸುತ್ತೇನೆ. ಕಾಲೇಜಿನಲ್ಲಿ ಲೇಖಕ ಅಂದರೆ ನನಗೆ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಹೆಸರಷ್ಟೇ ಆಗಿತ್ತು. ಅತ್ತೆಗೆ ತೋರಿಸುತ್ತ ತೋರಿಸುತ್ತ ನಾನೂ ಮುಖ ನೋಡತೊಡಗಿದೆ.

ಒಂದೊಂದು ಬಗೆಯ ಪುಸ್ತಕಕ್ಕೂ ಆಕೆಯದು ಒಂದೊಂದು ತೀರ್ಪು. ದೇಶ ಸುತ್ತಿ ಬಂದು ಬರೆದವರ ಬಗ್ಗೆ, "ಇಷ್ಟು ತಿರುಗ್ಯಾಡಿ ಬಂದಾನ, ಒಂದು ಕಡೀನೂ ಊಟ ಚಲೋ ಇತ್ತು ಅಂದಿಲ್ಲ ನೋಡು. ಬುತ್ತಿ ಕಟಗೊಂಡು ಹೋಗಬಾರದೇನು?" ಆತ್ಮಕಥೆ ಓದಿದರೆ, "ತನ್ನ ಗುಣಾ ತಾನ ಹೇಳಿದ್ರ ಹೆಂಗ? ಈತನ ಹೇಣ್ತಿ ಬರದ ಪುಸ್ತಕ ಐತೇನು, ಅದನ್ನ ತಗೊಂಬಾ." ಕವನ ಸಂಕಲನದ ಪುಟ ಇಣುಕಿ ನೋಡಿ, "ಹಾಳಿ ತುಂಬ ಜಾಗಾ ಖಾಲಿ ಬಿಟ್ಟಾನಲ್ಲ ಬೇ!" ಎಂದಳು. ಮರುದಿನ ಅದೇ ಕವನದ ಎರಡು ಸಾಲು ಗುನುಗುತ್ತ ರೊಟ್ಟಿ ಬಡಿಯುತ್ತಿದ್ದಳು. ಪತ್ತೇದಾರಿಯಲ್ಲಿ ಕೊಲೆಗಾರ ಸಿಕ್ಕಿಬಿದ್ದ ಸಂಜೆ ಕಾಯಿ ಒಡೆದು, "ಸತ್ತಾಂವಗ ಶಾಂತಿ ಸಿಗ್ಲಿ" ಎಂದು ಕೈ ಮುಗಿದಳು. ಅಪ್ಪ ನಕ್ಕುಬಿಟ್ಟ. ಅಪ್ಪನಿಗೆ ಸಕ್ಕರೆ ಸಿಗಲಿಲ್ಲ.

ಹೀಗೆ ಸುಖವಾಗಿ ನಡೆದಿದ್ದಾಗ ಒಂದು ಹಳೆಯ ಕಾದಂಬರಿ ತಂದೆ. ಗಂಡನ ಮನೆಯಲ್ಲಿ ಇರಲಾರದ ಹೆಂಗಸೊಬ್ಬಳು ಒಂದು ಮಧ್ಯಾಹ್ನ ಚೀಲ ಹಿಡಿದು ಹೊರಬೀಳುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಬಂದು ನಿಲ್ಲುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು. ಕೆಳಗೆ, ಎರಡನೆಯ ಭಾಗ ಬರಲಿದೆ ಎಂದಿತ್ತು. ನಾನು ಲೈಬ್ರರಿಯೆಲ್ಲ ಜಾಲಾಡಿದೆ. ಎರಡನೆಯ ಭಾಗ ಬಂದೇ ಇರಲಿಲ್ಲ.

ಅತ್ತೆ ಮುಂದಿನ ಪುಸ್ತಕ ಕೇಳಲು ಒಪ್ಪಲಿಲ್ಲ. ಊಟದ ಮಧ್ಯೆ ಕೈ ತಡೆದು, "ಆಕಿ ಇನ್ನಾ ಅಲ್ಲೇ ನಿಂತಾಳಲ್ಲ" ಎನ್ನುವಳು. "ಅದು ಕಥಿ ಅತ್ತಿ" ಎಂದು ರೇಗಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಆಕೆ ಅದಕ್ಕೆ ಕಿವಿಗೊಡುವುದೇ ಇಲ್ಲ. ಮೊದಲ ಪುಟದಲ್ಲಿ ಬರೆದವರ ವಿಳಾಸ ಲಿಂಗಸುಗೂರಿನದು ಎಂದು ಬಾಯಿ ತಪ್ಪಿ ಹೇಳಿದ್ದೇ ತಡ, ಭಾನುವಾರ ನನ್ನನ್ನೂ ಎಳೆದುಕೊಂಡು ಹೊರಟು ನಿಂತಳು. ಚೀಲದಲ್ಲಿ ಒಂದು ತೆಂಗಿನಕಾಯಿ. ಅಕಸ್ಮಾತ್ ಬರೆದು ಇಟ್ಟಿದ್ದರೆ ಅಲ್ಲೇ ಕೇಳಿ ಮಂಗಲ ಮಾಡಿ ಬರುವ ಯೋಜನೆ.

ಲೇಖಕರು ಬನಿಯನ್-ಲುಂಗಿಯಲ್ಲಿ ಕೂಲರಿಗೆ ನೀರು ಹಾಕುತ್ತಿದ್ದರು. ನಮ್ಮನ್ನು ನೋಡಿ, "ಬಾಡಿಗಿ ಖೋಲಿ ಕೊಟ್ಟಾಯ್ತ್ರೀ" ಎಂದರು. ಪುಸ್ತಕ ತೋರಿಸಿದೆ. ಕೈಯಲ್ಲಿದ್ದ ಕೊಡ ಹಾಗೇ ಕೆಳಗಿಟ್ಟು, ಒಳಗೆ ಮುಖ ಮಾಡಿ ಕೂಗಿದರು: "ಏ, ಚಾ ಇಡು! ನನ್ನ ಪುಸ್ತಕ ಓದಿದವರು ಬಂದಾರ!" ಹೆಂಡತಿ ಬಾಗಿಲಲ್ಲಿ ಇಣುಕಿ ನನ್ನನ್ನು ಕೇಳಿದರು, "ಖರೇನ ಓದೀರೇನ್ರೀ?"

ಅತ್ತೆ ಚಹಾಕ್ಕೂ ಕಾಯಲಿಲ್ಲ. "ಮುಂದ ಏನಾತ್ರೀ?"

"ಬರೀಲಿಲ್ರೀ ಯಕ್ಕಾ. ಆಕೀನ್ನ ಯಾ ಬಸ್ ಹತ್ತಸಬೇಕು ತಿಳೀಲಿಲ್ಲ."

"ಅಲ್ಲಪಾ, ಹೆಣ್ಮಗಳನ್ನ ಅಂಥಾ ಬಿಸಲಾಗ ನಿಂದ್ರಿಸಿ, ನೀವು ಇಲ್ಲಿ ಕೂಲರ್ ಹಚಗೊಂಡು ಕುಂತೀರಲ್ಲ!"

ನಾನು ನಕ್ಕು ನಕ್ಕು ಚಹಾ ಮೈಮೇಲೆ ಚೆಲ್ಲಿಕೊಂಡೆ. ಪಾಪ, ಅವರು ನಗಲಿಲ್ಲ. ತಪ್ಪು ಸಿಕ್ಕಿಬಿದ್ದವರ ಹಾಗೆ ತಲೆ ಕೆರೆದುಕೊಂಡು, "ತವರಿಗಿ ಕಳಸ್ಲೇನ್ರೀ? ಆಕಿಗೊಬ್ಬ ತಮ್ಮ ಅದಾನ, ಚಲೋ ಮನಷ್ಯಾ. ಚೆಂದ ನೋಡ್ಕೋತಾನ" ಎಂದರು.

"ಚೆಂದ ನೋಡ್ಕೋತಾನ್ರೀ," ಎಂದಳು ಅತ್ತೆ. "ಇಷ್ಟು ವರ್ಷದಾಗ ಒಂದು ಮಾತು ಅಂದಿಲ್ಲ. ಹೊಟ್ಟಿಗಿ ಬಟ್ಟಿಗಿ ಕಮ್ಮಿ ಮಾಡಿಲ್ಲ. ಆದ್ರ ಅಲ್ಲಿಗಿ ಹ್ವಾದ್ರ ಆಕಿ ಅತ್ತಿ ಆಗ್ತಾಳ್ರೀ, ಅಷ್ಟ. ಬ್ಯಾರೆ ಏನೂ ಆಗಂಗಿಲ್ಲ."

ನನಗೆ ಸಿಟ್ಟು ಬಂತು. ನನ್ನ ಅತ್ತೆಯಾಗಿರುವುದು ಅಷ್ಟು ಸಣ್ಣ ಕೆಲಸವೇ? ಆಕೆಯನ್ನು ಅತ್ತೆ ಅಲ್ಲದೆ ಬೇರೆ ಏನೆಂದೂ ನಾನು ಒಮ್ಮೆಯೂ ಯೋಚಿಸಿರಲಿಲ್ಲ, ಅದಕ್ಕೇ ಬಹುಶಃ ಅಷ್ಟು ಸಿಟ್ಟು.

"ಮತ್ತ ಎಲ್ಲಿಗಿ ಹೋಗ್ಲಿ ಆಕಿ?" ಲೇಖಕರು ಮೆಲ್ಲಗೆ ಕೇಳಿದರು.

"ನನ್ನ ಯಾಕ ಕೇಳ್ತೀರಿ? ಆಕೀನ್ನ ಕೇಳ್ರಿ. ಈಗಂತೂ ಹೆಣ್ಮಕ್ಕಳಿಗಿ ಟಿಕೇಟ್ ಪುಕ್ಕಟ ಐತಿ. ಮನಸಿಗಿ ಬಂದ ಕಡಿ ಹೋಗ್ಲಿ."

ಏಳುವಾಗ ಕಾಯಿಯನ್ನು ಅವರ ಹೆಂಡತಿಯ ಕೈಗಿತ್ತು, ಕಥೆ ಮುಗಿದ ದಿನ ನೀವೇ ಒಡೆಯಿರಿ ಎಂದಳು. ಬರೆಯುತ್ತೇನೆ ಎಂದು ಅವರು ಮಾತು ಕೊಟ್ಟರು. ನೋಡೋಣ.

ಮಸ್ಕಿ ಬಸ್ಸಿಗೆ ಕಾಯುತ್ತ ನಿಂತಾಗ ತಡೆಯಲಾಗದೆ ಕೇಳಿದೆ, "ಅತ್ತಿ, ಆವತ್ತು ನಿನಗ ಎಲ್ಲಿಗಿ ಹೋಗಬೇಕಿತ್ತು?"

ಆಕೆ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಆವತ್ತು ಯಾರರ ಕೇಳಿದ್ರ ಹೇಳ್ತಿದ್ನಿ ಬೇ," ಎಂದಳು. "ಈಗ ನೆಪ್ಪಿಲ್ಲ."