ಕಲ್ಲಿಗೆ ತಿಕ್ಕಿದ ಅಳತೆ

'ಇಲ್ಲ' ಎಂದು ನಾನಾಡಿದ ಒಂದು ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕಾಗಿತ್ತು. ಅದಕ್ಕೆ ಹದಿನೆಂಟು ವರ್ಷ ಸಮಯವಿತ್ತು. ನಾನು ತೆಗೆದುಕೊಳ್ಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಅಣ್ಣನ ವಿಷಯ ಹೇಳುತ್ತಾ ಹೋದರೆ ನಾನು ಒಳ್ಳೆಯ ತಂಗಿ ಎಂದು ಯಾರಿಗಾದರೂ ಅನ್ನಿಸಿಬಿಡಬಹುದು.

ಅಣ್ಣನ ತಿಥಿ ಮುಗಿದ ಮಾರನೆಯ ದಿನ ಅತ್ತಿಗೆ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದಿಟ್ಟಳು. "ನಿಮ್ಮಣ್ಣಂದು. ಒಳಗೆ ಏನೇನೋ ಚಕ್ರ ಐತೆ. ನಂಗೇನೂ ತಿಳಿಯಲ್ಲ, ನೀನೇ ಇಟ್ಕೊಮ್ಮ" ಎಂದಳು. ಮುಚ್ಚಳ ತುಕ್ಕು ಹಿಡಿದಿತ್ತು. ತೆಗೆದ ಕೂಡಲೇ ಮೆಷಿನ್ ಎಣ್ಣೆಯ ವಾಸನೆ, ಅದರ ಹಿಂದೆಯೇ ಹಿತ್ತಾಳೆಯ ಕಮಟು ವಾಸನೆ... ಬಟ್ಟೆಯಲ್ಲಿ ಸುತ್ತಿಟ್ಟ ಮೂರು ಪುಟ್ಟ ಗೂಡ್ಸ್ ಬಂಡಿಗಳು, ಅವುಗಳ ಕೆಳಗೆ ಹೆಬ್ಬೆರಳಿನ ಅರ್ಧದಷ್ಟಿದ್ದ ಹಿತ್ತಾಳೆಯ ಬಿಲ್ಲೆ. ಬಿಲ್ಲೆಯನ್ನು ಮುಟ್ಟಲು ನನಗೆ ಆಗಲಿಲ್ಲ.

ನಾವಿದ್ದದ್ದು ಕೆ.ಜಿ.ಎಫ್‌ನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ. ಒಂದು ಕೋಣೆ, ಒಂದು ಅಡಿಗೆ ಮೂಲೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಪ್ಪ ಗಣಿಯ ಒಳಗೆ ಪಾಳಿಯ ಕೆಲಸಕ್ಕೆ ಇಳಿಯುತ್ತಿದ್ದರು, ಅಣ್ಣ ಮೇಲೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅಮ್ಮ ಸತ್ತಾಗ ನಾನು ಆರನೆಯ ಕ್ಲಾಸಿನಲ್ಲಿದ್ದೆ. ಅಡಿಗೆಗೆ ಒಬ್ಬರು ಬೇಕಾಗಿತ್ತು, ನನ್ನ ಸ್ಕೂಲು ನಿಂತಿತು. "ಈ ವರ್ಸ ಇರ್ಲಿ, ಮುಂದಿನ್ ವರ್ಸ ಸೇರಿಸ್ತೀನಿ" ಎಂದ ಅಣ್ಣ. ಮುಂದಿನ ವರ್ಷ ಅದನ್ನು ಯಾರೂ ನೆನೆಸಿಕೊಳ್ಳಲಿಲ್ಲ. ನಾನೂ ಬಾಯಿ ಬಿಟ್ಟು ಕೇಳಲಿಲ್ಲ. ಒಳಗೆ ಇಟ್ಟುಕೊಂಡೆ.

ಆ ಪುಟ್ಟ ಬಂಡಿಗಳ ರೈಲು ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಗಣಿಯ ಒಬ್ಬ ವಯಸ್ಸಾದ ಆಫೀಸರು ನಿವೃತ್ತರಾಗಿ ಬಂಗಲೆ ಖಾಲಿ ಮಾಡುತ್ತಿದ್ದರು. ಅವರ ಗೋಡೆ ಗಡಿಯಾರವನ್ನು ಅಣ್ಣ ರಿಪೇರಿ ಮಾಡಿಕೊಟ್ಟಿದ್ದ. ಹೋಗುವಾಗ ಒಂದು ಪೆಟ್ಟಿಗೆ ಕೊಟ್ಟರು: ಒಂದು ಇಂಜಿನ್ನು, ಆರು ಬಂಡಿ, ಇಂಗ್ಲಿಷಿನ ಒಂದೆರಡು ಹಳೆಯ ಪುಸ್ತಕ. ಮಕ್ಕಳ ಆಟದ ಸಾಮಾನು ಎಂದುಕೊಂಡೆ. ಅಣ್ಣ ಮಾತ್ರ ಅದನ್ನು ಚಾಪೆಯ ಮೇಲಿಟ್ಟು ಕೆನ್ನೆ ನೆಲಕ್ಕೊತ್ತಿ ಬಹಳ ಹೊತ್ತು ನೋಡಿದ. ಏನೋ ಸರಿಯಿಲ್ಲ ಎಂದ.

ಸರಿಯಿಲ್ಲದ್ದು ಏನೆಂದು ಬಂಗಾರಪೇಟೆ ಸ್ಟೇಷನ್ನಿನಲ್ಲಿ ತೋರಿಸಿದ. ಸಂತೆಗೆ ಹೋದಾಗಲೆಲ್ಲ ನಾವು ಸ್ಟೇಷನ್ನಿಗೆ ಹೋಗುತ್ತಿದ್ದೆವು. ಒಂದು ಕಡೆ ಮದ್ರಾಸಿನ ದೊಡ್ಡ ಹಳಿ, ಇನ್ನೊಂದು ಕಡೆ ಕೋಲಾರಕ್ಕೆ ಹೋಗುವ ಸಣ್ಣ ಹಳಿ.

"ನೋಡ್ಲೇ, ದೊಡ್ಡ್ ಗಾಡಿ ಎಂಗ್ ಕಾಲ್ ಅಗಲಿಸ್ಕಂಡ್ ನಿಂತೈತೆ. ನಮ್ ಪೆಟ್ಗೆ ರೈಲ್ಗೆ ಮೈ ದೊಡ್ಡ್ ಗಾಡೀದು, ಕಾಲು ಮಾತ್ರ ಒಳೀಕ್ಕೆ ಎಳ್ಕಂಡೈತೆ."

"ಓಡಿದ್ರೆ ಸಾಲ್ದಾ ಅಣ್ಣ?"

"ಓಡ್ತೈತೆ. ಸುಳ್ಳ್ ಓಡ್ತೈತೆ" ಎಂದ.

ಆಟದ ರೈಲು ಮಾಡುವವರು ಹಳಿಯ ಅಗಲವನ್ನು ನಿಜಕ್ಕಿಂತ ಕಡಿಮೆ ಇಟ್ಟಿದ್ದರು, ಚಕ್ರದ ಅಂಚನ್ನು ದಪ್ಪ ಮಾಡಿದ್ದರು. ಎಲ್ಲಿ ಹೇಗೆ ಓಡಿಸಿದರೂ ಬೀಳಬಾರದು ಎಂದು. ಅಣ್ಣನಿಗೆ ಅದನ್ನು ನಿಜದ ಅಗಲಕ್ಕೆ ತರಬೇಕಿತ್ತು. ಹಳಿಯನ್ನು ಕೂದಲಷ್ಟು ಕೂದಲಷ್ಟು ಅಗಲ ಮಾಡಬೇಕು, ಚಕ್ರಗಳನ್ನು ತೆಳುವಾಗಿ ಹೊಸದಾಗಿ ಕಡೆಯಬೇಕು. ಅಂಚು ತೆಳುವಾದಷ್ಟೂ ತಪ್ಪಿಗೆ ಜಾಗ ಇರುವುದಿಲ್ಲ. ಆಫೀಸರು ಹೋಗುವ ಮುಂಚೆ ಒಂದೇ ಬುದ್ಧಿ ಹೇಳಿದ್ದರಂತೆ: ಮೊದಲು ಒಂದೇ ಒಂದು ಬಂಡಿ ಮಾಡು, ಅದು ಹಳಿ ಬಿಡದೆ ಓಡಿದ ಮೇಲೆ ಎರಡನೆಯದು, ಇಂಜಿನ್ನನ್ನು ಕಟ್ಟಕಡೆಗೆ ಮುಟ್ಟು.

ಬಂಡಿಗಿಂತಲೂ ಮುಂಚೆ ಅಣ್ಣ ಮಾಡಿದ್ದು ಬಿಲ್ಲೆಯನ್ನು. ಎರಡು ಚಕ್ರಗಳ ನಡುವೆ ಎಷ್ಟು ಜಾಗ ಇರಬೇಕೋ ಸರಿಯಾಗಿ ಅಷ್ಟೇ ಅಗಲದ ಹಿತ್ತಾಳೆ ತುಂಡು. ಚಕ್ರಗಳನ್ನು ಅಚ್ಚಿಗೆ ಕೂರಿಸುವಾಗ ಅದನ್ನು ನಡುವೆ ಇಟ್ಟು ಒತ್ತಬೇಕು. ಊಟದ ಬಿಡುವಿನಲ್ಲಿ ಮೇಸ್ತ್ರಿಯನ್ನು ಕೇಳಿಕೊಂಡು, ಹನ್ನೊಂದು ದಿನ ಅರ ಹಾಕಿ ಉಜ್ಜಿ, ಅಳೆದು, ಮತ್ತೆ ಅರ ಹಾಕಿ ಮಾಡಿದ. ಅದರ ಬೆನ್ನಿನ ಮೇಲೆ ಅಳತೆಯ ಅಂಕಿ ಕೊರೆದ. ತಂದು ನನ್ನ ಕೈಗೆ ಕೊಟ್ಟು, "ದೇವರ ಗೂಡಲ್ಲಿ ಇಡು. ಯಾರೂ ಮುಟ್ಬಾರ್ದು" ಎಂದ. ನನ್ನನ್ನು ನಂಬಿ ಕೊಟ್ಟ.

ಭಾನುವಾರ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಗೋಡೆಯುದ್ದಕ್ಕೂ ಒಂದು ಹಲಗೆ, ಅದರ ಮೇಲೆ ಅವನೇ ಕೂರಿಸಿದ ಹಳಿ, ನಡುವೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ. ಪಕ್ಕದ ಮನೆಯ ತಮಿಳು ಅಕ್ಕ ಬಾಗಿಲಲ್ಲಿ ನಿಂತು, "ಎನ್ನಮ್ಮಾ, ಉಂಗ ಅಣ್ಣ ಕಲ್ಯಾಣಂ ಪಣ್ಣಾಮ ರೈಲು ಓಟ್ಟುರಾನಾ?" ಎಂದು ನಗುತ್ತಿದ್ದಳು. ಮದುವೆ ಮಾಡಿಕೊಳ್ಳದೆ ರೈಲು ಓಡಿಸುತ್ತಿದ್ದಾನಾ ಎಂದು. "ಹೆಣ್ಣಾದ್ರೆ ಹಳಿ ಬಿಡ್ತದೆ ಅಕ್ಕಾ, ಇದು ಬಿಡಲ್ಲ" ಎನ್ನುತ್ತಿದ್ದ ಅಣ್ಣ.

ಮೊದಲ ಬಂಡಿ ಬಿಡಲೇ ಇಲ್ಲ. ಬೆರಳ ತುದಿಯಿಂದ ತಳ್ಳಿದರೆ ಸದ್ದಿಲ್ಲದೆ ಕವಲನ್ನು ದಾಟಿ ಆ ತುದಿಗೆ ಹೋಗಿ ನಿಂತಿತು. ಅಣ್ಣ ಅದನ್ನು ಇಪ್ಪತ್ತು ಸಲ ತಳ್ಳಿದ. ಅಮ್ಮ ಹೋದ ಮೇಲೆ ಅವನ ಮುಖದಲ್ಲಿ ಆ ನಗು ನಾನು ನೋಡಿರಲಿಲ್ಲ...

ಒಂದು ಶುಕ್ರವಾರ ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ದೀಪಗಳು ಹೊಳೆಯುತ್ತಿದ್ದವು, ಪಕ್ಕದಲ್ಲಿ ಬಿಲ್ಲೆ ಕಪ್ಪಗಿತ್ತು. ಅದನ್ನೂ ತಿಕ್ಕೋಣವೆಂದು ತೆಗೆದುಕೊಂಡೆ. ಹುಣಸೆಯ ಕೈ, ಜಾರಿತು. ಒಗೆಯುವ ಕಲ್ಲಿನ ಮೇಲೆ ಬಿತ್ತು. ನೋಡಿದರೆ ಒಂದು ಮೂಲೆ ಮಡಚಿಕೊಂಡು ಮುಳ್ಳಿನಂತೆ ಎದ್ದಿತ್ತು. ಅಣ್ಣ ಬೈಯುತ್ತಾನೆ ಎಂದು ಹೆದರಿ ಆ ಮುಳ್ಳು ಹೋಗುವ ತನಕ ಕಲ್ಲಿಗೆ ತಿಕ್ಕಿದೆ. ಮುಳ್ಳು ಹೋಯಿತು. ಇನ್ನೂ ನುಣುಪಾಗಲಿ ಎಂದು ಆ ಇಡೀ ಮಗ್ಗುಲನ್ನು ತಿಕ್ಕಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಬಂಗಾರದ ಹಾಗೆ ಹೊಳೆಯಿತು.

ಭಾನುವಾರ ಅಣ್ಣ ಕೈಗೆತ್ತಿಕೊಂಡು, "ಏನ್ಲೇ ಇಂಗ್ ಒಳೀತೈತೆ?" ಎಂದ. "ದೀಪದ್ ಜೊತೆ ತಿಕ್ದೆ" ಎಂದೆ. "ಸರಿ ಬಿಡು, ಇದೂ ದೇವ್ರಾಯ್ತು" ಎಂದು ನಕ್ಕ.

ಎರಡನೆಯ ಬಂಡಿ ಕವಲಿಗೆ ಬಂದು ಬಿತ್ತು. ಚಕ್ರ ಬಿಚ್ಚಿ ಮತ್ತೆ ಕೂರಿಸಿದ. ಮತ್ತೆ ಬಿತ್ತು. ಮೂರನೆಯದೂ ಅಷ್ಟೇ. ನಾಲ್ಕು ಭಾನುವಾರ ಹೀಗೆ ಕಳೆದವು. ಐದನೆಯ ಭಾನುವಾರ ಮೊದಲ ಬಂಡಿಯನ್ನು ತಿರುಗಿಸಿ ಅದರ ಚಕ್ರಗಳ ನಡುವೆ ಬಿಲ್ಲೆ ಇಟ್ಟು ನೋಡಿದ. ಬಿಗಿಯಾಗಿ ಕೂರಬೇಕಾದದ್ದು ಸಡಿಲವಾಗಿ ಆಡಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

"ಲೇ, ಬಿಲ್ಲೆ ಕೆಳಗೆ ಗಿಳಗೆ ಬಿತ್ತಾ?"

"ಇಲ್ಲ."

"ನಿಜ ಏಳು, ಬೈಯಲ್ಲ."

"ಇಲ್ಲಣ್ಣ."

ಅಷ್ಟೇ. ನಂಬಿದ. ವರ್ಕ್‌ಶಾಪಿಗೆ ತೆಗೆದುಕೊಂಡು ಹೋಗಿ ಇನ್ನೊಮ್ಮೆ ಅಳೆದಿದ್ದರೆ ಗೊತ್ತಾಗುತ್ತಿತ್ತು. ಅಳೆಯಲಿಲ್ಲ. ಮನೆಯಲ್ಲಿ, ದೇವರ ಗೂಡಿನಲ್ಲಿ, ತಂಗಿ ಕಾದಿಟ್ಟದ್ದನ್ನು ಯಾರು ಅಳೆಯುತ್ತಾರೆ? ಬದಲಿಗೆ, ಬಿಲ್ಲೆಯೇ ಸರಿ ಎಂದುಕೊಂಡು, ಸರಿಯಾಗಿ ಓಡುತ್ತಿದ್ದ ಆ ಒಂದೇ ಬಂಡಿಯ ಚಕ್ರಗಳನ್ನು ಬಿಚ್ಚಿ ನಾನು ಕೆಡಿಸಿದ ಅಳತೆಗೆ ಕೂರಿಸಿದ. ಅದೂ ಬಿತ್ತು. "ಅಂಗಾದ್ರೆ ಕೈದೇ ತಪ್ಪು" ಎಂದು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

ಇಲ್ಲಿ ಇನ್ನೊಂದು ಮಾತು ಬರೆಯಬೇಕು. ಇದನ್ನು ಗಂಡನಿಗೂ ಹೇಳಿಲ್ಲ. ಅವನು ಹಾಗೆ ಕೈ ನೋಡಿಕೊಂಡಾಗ ನನಗೆ ಹೆದರಿಕೆಯ ಜೊತೆಗೆ ಒಂದು ಸಣ್ಣ ಸಮಾಧಾನವೂ ಆಯಿತು. ನನ್ನ ಪುಸ್ತಕ ಮುಚ್ಚಿಸಿ ನೀನು ಎರಡು ವರ್ಷ ಆಟವಾಡಿದೆ, ಈಗ ನಿನ್ನದೂ ಮುಚ್ಚಿತು... ಹೆದರಿಕೆ ಒಂದೇ ಆಗಿದ್ದರೆ ಯಾವತ್ತಾದರೂ ಬಾಯಿ ಬಿಡುತ್ತಿದ್ದೆನೇನೋ. ಬಾಯಿ ಕಟ್ಟಿದ್ದು ಆ ಸಮಾಧಾನ.

ಅದು ಆಟವಾಗಿರಲಿಲ್ಲ ಎಂದು ತಿಳಿದದ್ದು ಎರಡು ತಿಂಗಳ ಮೇಲೆ. ವರ್ಕ್‌ಶಾಪಿನಲ್ಲಿ ಮೇಲಿನ ದರ್ಜೆಗೆ ಪರೀಕ್ಷೆ ಇತ್ತು. ಕೊಟ್ಟ ಅಳತೆಗೆ ಒಂದು ತುಂಡು ಮಾಡಿ ತೋರಿಸಬೇಕು. ಅಣ್ಣ ವರ್ಷಗಳಿಂದ ಕಾಯುತ್ತಿದ್ದ. ಅವತ್ತು ಬೆಳಿಗ್ಗೆ ಅಂಗಿ ಹಾಕಿಕೊಂಡ, ಮತ್ತೆ ಬಿಚ್ಚಿ ಗೂಟಕ್ಕೆ ತಗುಲಿಸಿದ. ಮೇಸ್ತ್ರಿ ಮನೆಯ ತನಕ ಬಂದು ಕೂಗಾಡಿದರು. "ನನ್ ಕೈಗೆ ಅಳತೆ ನಿಲ್ತಿಲ್ಲ ಸಾರ್. ಎಲ್ರ ಮುಂದೆ ಯಾಕ್ ನಗೆಪಾಟಲಾಗ್ಲಿ" ಎಂದ ಅಣ್ಣ. ನಾನು ಒಳಗೆ ರಾಗಿ ಮುದ್ದೆ ತಿರುವುತ್ತಿದ್ದೆ. ಎಲ್ಲವೂ ಕೇಳಿಸುತ್ತಿತ್ತು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮುದ್ದೆ ತಿರುವಿದೆ.

ಅವನ ಕೈಕೆಳಗೆ ಕಲಿತವರು ಮೇಲಕ್ಕೆ ಹೋದರು. ಅವನು ಒರಟು ಕೆಲಸಗಳನ್ನೇ ಕೇಳಿ ತೆಗೆದುಕೊಳ್ಳತೊಡಗಿದ. ಹಲಗೆ ಒಲೆಗೆ ಹೋಯಿತು. ನನಗೆ ಕಾಮಸಮುದ್ರದ ಕಡೆ ಮದುವೆಯಾಯಿತು, ಹಸು ಕರು ಎಂದು ನನ್ನ ಪಾಡು ನನಗಾಯಿತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಗಣಿಯ ಕೆಲಸ ಬಿಟ್ಟು ಬಂಗಾರಪೇಟೆಯಲ್ಲಿ ಸೈಕಲ್ ಶಾಪು ಇಟ್ಟ, ತಡವಾಗಿ ಮದುವೆಯಾದ. "ಸೈಕಲ್ಗೆ ಕೂದ್ಲೆಳೆ ಅಳತೆ ಬೇಡ ಕಣೇ, ಕಣ್ ಮುಚ್ಕಂಡ್ ಮಾಡ್ಬೋದು" ಎನ್ನುತ್ತಿದ್ದ. ನಗುತ್ತಲೇ ಹೇಳುತ್ತಿದ್ದ.

ತೊಂಬತ್ತರ ದಶಕದಲ್ಲಿ ಕೋಲಾರದ ಸಣ್ಣ ಹಳಿಯನ್ನು ಕಿತ್ತು ದೊಡ್ಡ ಹಳಿ ಹಾಕಿದರು. ಕೀಳುತ್ತಿದ್ದಾಗ ಒಂದು ದಿನ ಅಣ್ಣ ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದ. ಕಿತ್ತ ಹಳಿಗಳು ರಾಶಿ ಬಿದ್ದಿದ್ದವು. ನೋಡುತ್ತ ನಿಂತವನು ಹೇಳಿದ: "ನನ್ ಕೈ ನೆಟ್ಟಗಿದ್ದಿದ್ರೆ ಈ ರೈಲ್ನಾದ್ರೂ ಅಂಗೇ ಚಿಕ್ಕದಾಗಿ ಮಾಡಿಡ್ತಿದ್ದೆ."

ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು. ನಾನು ಹೇಳಿದ್ದು, "ಬಸ್ಸಿಗೆ ಒತ್ತಾಯ್ತಣ್ಣ" ಎಂದು.

ಅವನು ನನ್ನ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ತನಕ ಬಂದ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಎರಡು ವರ್ಷದ ಮೇಲೆ ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟ.

ಅತ್ತಿಗೆ ಕೊಟ್ಟ ಡಬ್ಬವನ್ನು ಹಿಡಿದುಕೊಂಡು ಅದೇ ದಿನ ಬಂಗಾರಪೇಟೆಯ ಒಂದು ಲೇತ್ ಅಂಗಡಿಗೆ ಹೋದೆ. ಕಲ್ಲಿಗೆ ತಿಕ್ಕಿದ್ದರಿಂದ ಏನೂ ಆಗಿರಲಿಕ್ಕಿಲ್ಲ, ಅಣ್ಣನ ಕೈಯೇ ನಿಜಕ್ಕೂ ತಪ್ಪಿರಬಹುದು ಎಂಬ ಒಂದು ಕೆಟ್ಟ ಆಸೆ ಅಷ್ಟು ವರ್ಷವೂ ನನ್ನೊಳಗೆ ಇತ್ತು. ಲೇತಿನವನು ಬಿಲ್ಲೆಯನ್ನು ಒರೆಸಿ ಅಳತೆಯ ಸಾಧನದಲ್ಲಿ ಹಿಡಿದ. ಬೆನ್ನಿನ ಅಂಕಿ ನೋಡಿದ, ಮತ್ತೆ ಹಿಡಿದ.

"ಬರ್ದಿರೋದೇ ಒಂದು, ಇರೋದೇ ಒಂದಲ್ಲಮ್ಮ. ಈ ಮಗ್ಗಲ್ನ ಯಾರೋ ಕಲ್ಗೆ ಉಜ್ಜವ್ರೆ. ಯಾವೋನಮ್ಮಾ ಆ ದಡ್ಡ?"

ಅವನೇ ಬಿಲ್ಲೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದ.

"ಮಿಕ್ಕಿದ್ ಕಡೆ ನೋಡಿ, ಒಂದ್ ಕೂದ್ಲೂ ಎಚ್ಚುಕಮ್ಮಿ ಇಲ್ಲ. ಅರದಲ್ಲಿ ಇಂಗ್ ಮಾಡೋಕೆ ನನ್ ಕೈಲಾಗಲ್ಲ. ಯಾರ್ ಕೈದಿದು?"

"ನಮ್ಮಣ್ಣಂದು" ಎಂದೆ.

ಅಲ್ಲಿಂದ ಸ್ಟೇಷನ್ನಿಗೆ ನಡೆದೆ. ಬೆಂಗಳೂರಿಂದ ಗಾಡಿ ಬಂದು ಜನ ನುಗ್ಗಿ ಇಳಿಯುತ್ತಿದ್ದರು. ಸಣ್ಣ ಹಳಿ ಇದ್ದ ಕಡೆ ಈಗ ಜಲ್ಲಿ, ಅದರ ಮೇಲೆ ದೊಡ್ಡ ಹಳಿ. ಹಳಿ ಕೀಳುವಾಗ ಅವನು ನಿಂತಿದ್ದ ಜಾಗ ಯಾವುದೆಂದು ಗುರುತು ಸಿಗಲಿಲ್ಲ. ಎಲ್ಲೋ ಒಂದು ಕಡೆ ನಿಂತೆ. ಬಿಲ್ಲೆ ಅಂಗೈಯಲ್ಲಿ ಬೆಚ್ಚಗಾಗಿತ್ತು. ಹತ್ತಿರದಲ್ಲಿ ಹೋಗುತ್ತಿದ್ದ ಹೂವಿನವಳು ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ.

"ಬಿತ್ತಣ್ಣ. ನನ್ ಕೈಯಿಂದ ಬಿತ್ತು. ಕಲ್ಗೆ ತಿಕ್ಕಿದ್ದು ನಾನು. ನಿನ್ ಕೈ ತಪ್ಪಿರ್ಲಿಲ್ಲ, ಯಾವತ್ತೂ ತಪ್ಪಿರ್ಲಿಲ್ಲ. ನಂದು ತಪ್ಪಾಯ್ತಣ್ಣ."