ತಕರಾರಿದ್ದವರು ಈಗಲೇ ಹೇಳಿ

ನಮ್ಮ ಪಾಸ್ಟರ್ ಅವರ ಬಲಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಸಾಕು, ಹಿಮ್ಮಡಿ ಎತ್ತಿ ಮೊಣಕಾಲು ಕುಣಿಸುವರು. ಆ ಕುಣಿತಕ್ಕೆ ಎದುರಿನ ಮೇಜಿನ ಮೇಲಿನ ಚಹಾದ ಕಪ್ಪು ಕೆಳಗಿನ ಬಸಿಯೊಳಗೆ ಕಟಕಟ ಎನ್ನುವುದು. ಹಾಗೆ ಕಾಲು ಅಲುಗಾಡಿಸಿದರೆ ಮನೆಗೆ ದರಿದ್ರ ಬರುತ್ತದೆಂದು ನಮ್ಮವ್ವ ಅವರ ಎದುರಿಗೇ ಅಂದಿದ್ದಳು. ದರಿದ್ರ ಬರಲಿಕ್ಕಾದರೂ ಒಂದು ಮನೆ ಇರಬೇಕಲ್ಲ ಎಂದು ಅವರು ನಕ್ಕರು.

ಅದು ಬರೀ ನಗೆಮಾತಲ್ಲ. ಶಹಾಬಾದಿನ ಬಜಾರದ ಓಣಿಯಲ್ಲಿ ಒಂದು ದೊಡ್ಡ ಕೋಣೆ ಬಾಡಿಗೆಗೆ ಹಿಡಿದು ನಾವು ಆರಾಧನೆ ನಡೆಸುತ್ತಿದ್ದೆವು. ಮಾಲೀಕರ ಮಕ್ಕಳು ಆಸ್ತಿ ಪಾಲು ಮಾಡಿಕೊಂಡರು. ಕಟ್ಟಡ ಕೆಡವಿ ಮಳಿಗೆ ಕಟ್ಟುತ್ತೇವೆ, ಕ್ರಿಸ್‌ಮಸ್‌ಗೆ ಮೊದಲು ಖಾಲಿ ಮಾಡಿ ಎಂದರು. ನಮ್ಮ ಸಭೆಯ ಹಿರಿಯರೊಬ್ಬರು ಕೈಗಾರಿಕಾ ವಸಾಹತಿನಲ್ಲಿ ಮುಚ್ಚಿಬಿದ್ದ ತಮ್ಮ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಶೆಡ್ ಕೊಡಲು ಒಪ್ಪಿದರು. ಆದರೆ ಅದು ಕೈಗಾರಿಕೆಗೆಂದೇ ಮೀಸಲಾದ ಜಾಗ. ಅಲ್ಲಿ ಪ್ರಾರ್ಥನೆ ಮಾಡಬೇಕಾದರೆ ಸರ್ಕಾರದಿಂದ ಭೂಬಳಕೆ ಬದಲಾವಣೆಯ ಆದೇಶ ಬರಬೇಕು. ಬಾರದಿದ್ದರೆ ನಾವು ಬೀದಿಗೆ.

ನನ್ನ ಹತ್ತಿರ ಸ್ಕೂಟಿ ಇತ್ತು. ಹಾಗಾಗಿ ಕಚೇರಿ ಸುತ್ತುವ ಕೆಲಸ ನನ್ನ ಕೊರಳಿಗೇ ಬಿತ್ತು. ಪಾಸ್ಟರ್ ಹಿಂದೆ ಕೂತು, ಲಾರಿ ಎದುರಾದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಮೊದಲ ದಿನ ಅಧಿಕಾರಿ, ಅರ್ಜಿ ಓದದೆಯೇ, ಶೆಡ್ಡಿನಲ್ಲಿ ಏನು ತಯಾರಿಸುತ್ತೀರಿ ಎಂದು ಕೇಳಿದರು. ಪಾಸ್ಟರ್ ಗಂಭೀರವಾಗಿ ಯೋಚಿಸಿದರು.

"ಹೊಸಾದು ಏನೂ ತಯಾರ್ ಮಾಡಂಗಿಲ್ರಿ. ಹಳೇದು ರಿಪೇರಿ ಮಾಡ್ತೀವಿ."

ಅಧಿಕಾರಿ ನಕ್ಕರು, ಕಡತ ಮುಂದೆ ಹೋಯಿತು. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಬಂತು: ಆಕ್ಷೇಪಣೆ ಇದ್ದವರು ಸಲ್ಲಿಸಬಹುದು. ಆ ಮೂಲೆಯ ಪುಟವನ್ನು ಯಾರೂ ಓದುವುದಿಲ್ಲ, ಗಡುವು ಕಳೆದರೆ ಗೆದ್ದೆವು ಎಂದು ನಾನು ಲೆಕ್ಕ ಹಾಕಿದ್ದೆ.

ಎಡವಟ್ಟಾದದ್ದು ಆ 'ಪ್ರಕಟಣೆ' ಎಂಬ ಪದದಿಂದ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಈ ಸಂಬಂಧಕ್ಕೆ ತಕರಾರಿದ್ದವರು ಈಗಲೇ ಹೇಳಿ ಎಂದು ಸಭೆಯನ್ನು ಕೇಳುತ್ತಾರೆ. ಪಾಸ್ಟರ್ ಇದನ್ನೂ ಹಾಗೆಯೇ ಹಿಡಿದರು. ಪತ್ರಿಕೆಯ ತುಂಡನ್ನು ಮೂರು ಭಾನುವಾರ ಸಭೆಯಲ್ಲಿ ಓದಿದರು. ಅಷ್ಟಕ್ಕೇ ಬಿಡದೆ, ವಸಾಹತಿನ ಒಂದೊಂದು ಶೆಡ್ಡಿಗೂ ಹೋಗಿ, ನಾವು ಇಲ್ಲಿಗೆ ಬರುವವರಿದ್ದೇವೆ, ನಿಮ್ಮದೇನಾದರೂ ತಕರಾರಿದೆಯೇ ಎಂದು ಕೇಳುತ್ತ ಬಂದರು. ಮಲಗಿದ ನಾಯಿಯನ್ನು ಎಬ್ಬಿಸಿ ಕಚ್ಚಿಸಿಕೊಳ್ಳುವುದು ಅಂದರೆ ಇದೇ.

ಕಚ್ಚಿಯೇ ಕಚ್ಚಿತು. ನಮ್ಮ ಶೆಡ್ಡಿನ ಪಕ್ಕಕ್ಕೇ ಪಾಲಿಶ್ ಮಷಿನ್ ನಡೆಸುತ್ತಿದ್ದ, ಎಲ್ಲರೂ ಚಾಚಾ ಎನ್ನುತ್ತಿದ್ದ ಮುದುಕರು ಲಿಖಿತ ಆಕ್ಷೇಪಣೆ ಕೊಟ್ಟರು. ಇಂದು ಇವರು ಬರುತ್ತಾರೆ, ನಾಳೆ ಗದ್ದಲ, ಧೂಳು ಎಂದು ಇವರೇ ನನ್ನ ಮೇಲೆ ಅರ್ಜಿ ಹಾಕಿ ಮಷಿನ್ ಮುಚ್ಚಿಸುತ್ತಾರೆ ಎಂಬುದು ಅವರ ಭಯ. ಸಭೆಯವರೆಲ್ಲ ಪಾಸ್ಟರ್ ಮೇಲೆ ಹರಿಹಾಯ್ದರು. ಅತಿ ಜೋರಾಗಿ ಕೂಗಾಡಿದವಳು ನಾನೇ. ಕೇಳದೆ ಇದ್ದಿದ್ದರೆ ಆ ಮನುಷ್ಯನಿಗೆ ಗೊತ್ತೇ ಆಗುತ್ತಿರಲಿಲ್ಲ ಎಂದೆ.

"ಯವ್ವಾ, ಬಾಜೂ ಮನಿಯವರಿಗಿ ಕದ್ದು ಮಾಡಿದ ಮದುವಿ, ಅದೆಂಥಾ ಮದುವಿ?" ಎಂದರು. ಕಾಲು ಮಾತ್ರ ಕುಣಿಯುತ್ತಲೇ ಇತ್ತು.

ವಿಚಾರಣೆಯ ದಿನದವರೆಗೆ ನನಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬಜಾರದ ಕೋಣೆ ಖಾಲಿ ಮಾಡಿ ಎಂದು ಮಾಲೀಕರ ಮಕ್ಕಳು ಆಗಲೇ ಹೊರಗಿನ ಮೆಟ್ಟಿಲು ಕಿತ್ತಿದ್ದರು. ಮುದುಕಿಯರನ್ನು ಕೈಹಿಡಿದು ಒಳಗೆ ಹತ್ತಿಸಬೇಕಾಗಿತ್ತು. ಭಾನುವಾರ ಆರಾಧನೆಯ ಹೊತ್ತಿಗಾದರೂ ಮಷಿನ್ ನಿಲ್ಲಿಸಲು ಪಾಸ್ಟರ್ ಕೇಳಿಕೊಳ್ಳುತ್ತಾರೆ, ಚಾಚಾ ಒಲ್ಲೆನ್ನುತ್ತಾರೆ, ಅಲ್ಲಿಗೆ ನಮ್ಮ ಕಥೆ ಮುಗಿಯಿತು ಎಂದುಕೊಂಡಿದ್ದೆ. ವಿಚಾರಣೆಯಲ್ಲಿ ಅಧಿಕಾರಿ ಉತ್ತರ ಕೇಳಿದಾಗ ಪಾಸ್ಟರ್ ಅಧಿಕಾರಿಯನ್ನು ಬಿಟ್ಟು ಚಾಚಾನ ಕಡೆ ತಿರುಗಿದರು.

"ನಾವು ಆಮ್ಯಾಲ ಬಂದವರು. ನಿಮ್ಮ ಮಷಿನ್ ನಿಮ್ಮ ರೊಟ್ಟಿ ಅದ. ಅದರ ಗದ್ದಲಕ್ಕ ನಾವು ಎಂದೂ ತಕರಾರ್ ತಗಿಯಂಗಿಲ್ಲ. ನಂದು ಜಬಾನ್ ಅದ, ಕೊಟ್ಟ ಮಾತು ತಪ್ಪಂಗಿಲ್ಲ."

ಚಾಚಾ ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಂಡರು. ಬರುವ ದಾರಿಯಲ್ಲಿ ನಾನು ಮತ್ತೆ ಜಗಳ ತೆಗೆದೆ. ಆ ಸದ್ದಿನಲ್ಲಿ ನಮ್ಮ ಪ್ರಾರ್ಥನೆ ಯಾರಿಗೆ ಕೇಳಬೇಕು ಎಂದು ಕೇಳಿದೆ. ದೇವರ ಕಿವಿ ಭಾಳ ಚಲೋ ಅವ, ನೀನೇ ಜರಾ ಜೋರು ಹಾಡು ಎಂದರು.

ಆದೇಶ ಬಂತು. ಶೆಡ್ ತೊಳೆದೆವು, ಗೋಡೆಗೆ ಸುಣ್ಣ ಬಳಿದೆವು. ಮೊದಲ ಆರಾಧನೆಯ ದಿನವೂ ಗೊತ್ತಾಯಿತು. ಆ ವಾರವೇ, ನಸುಕಿನಲ್ಲಿ ಎದ್ದು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ಪಾಸ್ಟರ್ ಹಾಗೆಯೇ ಬಗ್ಗಿದವರು ಮೇಲೆ ಏಳಲಿಲ್ಲ. ಹೃದಯ ನಿಂತಿತ್ತು.

ನಮ್ಮ ಹೊಸ ಗುಡಿಯಾದ ಆ ಶೆಡ್ಡಿನಲ್ಲಿ ನಡೆದ ಮೊದಲ ಆರಾಧನೆ ಅವರನ್ನು ಮಣ್ಣು ಮಾಡುವ ದಿನದ್ದು. ಶವಪೆಟ್ಟಿಗೆಯನ್ನು ಒಳಗಿಟ್ಟೆವು. ನನ್ನ ಕಣ್ಣು ಅವರ ಕಾಲಿನ ಕಡೆಗೇ ಹೋಗುತ್ತಿತ್ತು. ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಪಕ್ಕದಲ್ಲಿ ಮಷಿನ್ ಕಿರ್ರೆಂದು ಕಲ್ಲು ಉಜ್ಜುತ್ತಿತ್ತು. ಚಾಚಾ ಕಲ್ಲಿನ ಕೆಸರು ಮೆತ್ತಿದ ಕಾಲಲ್ಲೇ ಬಾಗಿಲಿಗೆ ಬಂದು, ಮಣ್ಣಾಗುವವರೆಗೆ ಮಷಿನ್ ಬಂದ್ ಮಾಡಿಸುತ್ತೇನೆ ಎಂದು ಪಾಸ್ಟರ್ ಅವರ ಹೆಂಡತಿ ಪಾಸ್ಟರಮ್ಮನಿಗೆ ಹೇಳಿದರು. ಹೂಂ ಅನ್ನಲಿ ಎಂದು ನಾನು ಬೇಡಿಕೊಂಡೆ. ಪಾಸ್ಟರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಬ್ಯಾಡ್ರಿ ಚಾಚಾ. ನಡೀಲಿ. ಅವರು ಜಬಾನ್ ಕೊಟ್ಟಾರ."

ಚಾಚಾ ಹೊರಗೆ ಹೋದರು. ಮಷಿನ್ ನಡೆಯಿತು. ನಾವು ಹಾಡಿದೆವು, ಗಂಟಲು ಹರಿಯುವಂತೆ. ಎಲ್ಲರಿಗಿಂತ ಜೋರಾಗಿ ಹಾಡಿದವಳು ನಾನು. ಆ ಗದ್ದಲದಲ್ಲಿ ಯಾವಾಗ ಹಾಡು ನಿಂತು ಅಳು ಶುರುವಾಯಿತೋ, ಪಕ್ಕದಲ್ಲಿ ನಿಂತಿದ್ದ ನಮ್ಮವ್ವನಿಗೂ ಕೇಳಿಸಲಿಲ್ಲ.